ಗುಬ್ಬಿಯ ಐವತ್ತೇಳು ಖಾಲಿ ಚೌಕಗಳು

ಮಾರ್ಚ್ 12, 2025, ಬುಧವಾರ

ಗುಬ್ಬಿಯ ರಿಜಿಸ್ಟರು ಕೊನೆಗೂ ಆಫೀಸಿಗೆ ಬಂತು. ತಂದು ನನ್ನ ಮೇಜಿನ ಮೇಲೆ ಕುಕ್ಕಿದವಳು ಕೋಮಲಾ, ನಮ್ಮ ಸಮೀಕ್ಷೆಯ ನರ್ಸು. ಊರ್ಡಿಗೆರೆಯವಳು. ಕೆಲಸದಲ್ಲಿ ಚುರುಕು, ಅಕ್ಷರ ಮಾತ್ರ ಕೋಳಿ ಕೆದರಿದ ಹಾಗೆ. ನೂರ ನಲವತ್ತು ಹೆಂಗಸರಲ್ಲಿ ಐವತ್ತೇಳು ಮಂದಿಯ ಎದುರು ಅಂಕಿಯೇ ಇಲ್ಲ. ಅಂಕಿ ಇರಬೇಕಾದ ಜಾಗದಲ್ಲಿ ಕೆಂಪು ಪೆನ್ನಿನಲ್ಲಿ ಏನೇನೋ ಗೀಚಿದ್ದಾಳೆ.

"ಅಂಕಿ ಕಾಲಮ್ಮಲ್ಲಿ ಕಥೆ ಬರ್ದಿದೀಯಲ್ಲೇ" ಅಂದೆ.

"ಇನ್ನೆಲ್ಲಿ ಬರೀಲಿ, ನಿನ್ ಹಣೆ ಮೇಲಾ? ಉಪವಾಸ ಇರೋರು ಕೊಳವೆ ಬಾಯಿಗೆ ಇಡಲ್ಲ ಅಂದ್ರು, ರೋಜಾ ಅಂತ ಬರ್ದೆ. ಇನ್ ಕೆಲವ್ರು ಊದಕ್ಕೆ ಕೂತು ಕೆಮ್ಮಿ ಕೆಮ್ಮಿ ಎದ್ದೋದ್ರು. ಅವ್ರಿಗೆ 'ಆಗ್ಲಿಲ್ಲ' ಅಂತ ಬರ್ದೆ. ತಪ್ಪಾ?"

ಗಂಧದಕಡ್ಡಿ ಹೊಸೆಯುವ ಹೆಂಗಸರ ಎದೆಯಲ್ಲಿ ಎಷ್ಟು ಉಸಿರು ಉಳಿದಿದೆ ಎಂದು ನೋಡುವ ಸಮೀಕ್ಷೆ ನಮ್ಮದು. ಇದ್ದಿಲು ಪುಡಿಯ ನಡುವೆ ವರ್ಷಗಟ್ಟಲೆ ಕೂತವರು ಒಂದು ಸಣ್ಣ ಮೀಟರಿಗೆ ಬಾಯಿಟ್ಟು ಜೋರಾಗಿ ಊದಬೇಕು. ಮುಳ್ಳು ಎಲ್ಲಿಗೆ ಹೋಗುತ್ತದೋ ಅದು ಅವರ ಅಂಕಿ. ತುಮಕೂರು, ಕುಣಿಗಲ್ ಫೆಬ್ರವರಿಯಲ್ಲೇ ಮುಗಿದಿದ್ದವು. ದುಡ್ಡು ಕೊಡುವ ಬೆಂಗಳೂರಿನ ಟ್ರಸ್ಟಿನವರ ಷರತ್ತು ಒಂದೇ: ಊರಿನ ಸರಾಸರಿ ಮುನ್ನೂರಕ್ಕಿಂತ ಕೆಳಗೆ ಬಂದರೆ ಆ ಊರಿಗೆ ವಾರಕ್ಕೊಮ್ಮೆ ಡಾಕ್ಟರ ವ್ಯಾನು, ಔಷಧಿ. ಮೇಲೆ ಬಂದರೆ ಏನೂ ಇಲ್ಲ.

ನನ್ನ ಎಕ್ಸೆಲ್ ಶೀಟು ಕಥೆ ಕೇಳುವುದಿಲ್ಲ, ಅಂಕಿ ಮಾತ್ರ ಕೇಳುತ್ತದೆ. ಐವತ್ತೇಳು ಚೌಕಗಳನ್ನೂ ಖಾಲಿ ಬಿಟ್ಟೆ. ಶೀಟು ನೋಡಲು ಲಕ್ಷಣವಾಗಿತ್ತು.

112ನೆಯ ಸಾಲಿನಲ್ಲಿ ನನ್ನ ಖಾಲಾ ಇದ್ದಾಳೆ. ಅಮ್ಮನ ಅಕ್ಕ, ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು, ಕಡ್ಡಿ ಹೊಸೆದೇ ನನ್ನನ್ನು ಡಿಗ್ರಿ ಓದಿಸಿದವಳು. 'ಕುಲ್ಸುಂ ಬೀ, 58, ರೋಜಾ' ಎಂದಿತ್ತು. ನಗು ಬಂತು. ಮೂವತ್ತು ವರ್ಷದಲ್ಲಿ ಒಂದು ರೋಜಾ ಬಿಟ್ಟವಳಲ್ಲ, ಡಾಕ್ಟರ ಮೀಟರಿಗೆ ಹೆದರಿ ಬಿಡುತ್ತಾಳೆಯೇ!

ಸಂಜೆ ಗಂಗಾಧರ್ ಸರ್ ಕೇಳಿದರು, "ಏನಮ್ಮ ಫಿಜಾ, ಗುಬ್ಬೀಲಿ ಇಷ್ಟೊಂದು ಖಾಲಿ?" ರಂಜಾನ್ ತಿಂಗಳಲ್ಲಿ ಹಗಲು ಹೊತ್ತು ಯಾರೂ ಬಾಯಿಗೆ ಏನೂ ಇಡುವುದಿಲ್ಲ ಎಂದು ವಿವರಿಸಿದೆ. "ನೋಡು, ಇದು ನಮಗೆ ಹೊಳೀತಲೇ ಇರ್ಲಿಲ್ಲ. ಅದನ್ನೇ ಒಂದು ಮೇಲ್ ಮಾಡಿ ಕಳಿಸು" ಅಂದರು. ಕಾಲೇಜಿನಲ್ಲಿ ನನಗೆ ಸ್ಟ್ಯಾಟಿಸ್ಟಿಕ್ಸ್ ಕಲಿಸಿದ ಗುರುಗಳು, ರಿಟೈರಾಗಿ ಈ ಆಫೀಸು ನಡೆಸುತ್ತಾ ನನಗೆ ಕೆಲಸ ಕೊಟ್ಟವರು. ಅವರಿಂದ ಒಂದು ಶಭಾಷ್ ಸಿಕ್ಕಿದರೆ ನನಗೆ ಆ ದಿನ ಹಬ್ಬ. ಕೂಡಲೇ ಕಳಿಸಿದೆ.

ಮಾರ್ಚ್ 20, ಗುರುವಾರ

ಇವತ್ತು ಕಂಡದ್ದನ್ನು ಬರೆದಿಡುತ್ತೇನೆ.

ಬೆಂಗಳೂರಿಗೆ ಹೋಗುವ ಕೋಷ್ಟಕ ಪ್ರಿಂಟರಿನ ಮೇಲೆ ಬಿದ್ದಿತ್ತು. ತುಮಕೂರು 150ರಲ್ಲಿ 141 ಮಂದಿ, ಸರಾಸರಿ 284. ಕುಣಿಗಲ್ 120ರಲ್ಲಿ 114, ಸರಾಸರಿ 291. ಗುಬ್ಬಿ 140ರಲ್ಲಿ 83, ಸರಾಸರಿ 318. ಅಡಿಯಲ್ಲಿ ಇರುವೆ ಗಾತ್ರದ ಅಕ್ಷರದಲ್ಲಿ: 'ಗುಬ್ಬಿಯ 57 ಮಂದಿ ರಂಜಾನ್ ಉಪವಾಸದ ಕಾರಣ ಪರೀಕ್ಷೆಗೆ ಒಳಪಡಲಿಲ್ಲ.'

ಐವತ್ತೇಳೂ ಉಪವಾಸವಂತೆ! ರಿಜಿಸ್ಟರು ತೆಗೆದು ಎಣಿಸಿದೆ. ರೋಜಾ ಮೂವತ್ತೆಂಟು. 'ಆಗ್ಲಿಲ್ಲ' ಹತ್ತೊಂಬತ್ತು. ಊದಲು ಉಸಿರೇ ಇಲ್ಲದ ಹತ್ತೊಂಬತ್ತು ಹೆಂಗಸರನ್ನು ಆಚೆ ನಿಲ್ಲಿಸಿ, ಊದಬಲ್ಲವರ ಸರಾಸರಿ ತೆಗೆದು, ಗುಬ್ಬಿಯವರ ಎದೆ ಗಟ್ಟಿಯಾಗಿದೆ ಅನ್ನುತ್ತಿದ್ದಾರೆ. ಗುಬ್ಬಿಗೆ ವ್ಯಾನು ಇಲ್ಲ.

ಇದನ್ನು ನನಗೆ ಹೇಳಿಕೊಟ್ಟವರು ಇದೇ ಸರ್. ಸೆಕೆಂಡ್ ಇಯರಿನಲ್ಲಿ, ಬೋರ್ಡಿನ ಮುಂದೆ ನಿಂತು: "ಟೆಸ್ಟಿಗೆ ಯಾರು ಚಕ್ಕರ್ ಹೊಡೀತಾರೆ? ಓದದೇ ಇರೋರು. ಅವರನ್ನ ಬಿಟ್ಟು ಆವರೇಜ್ ತೆಗೆದ್ರೆ ಕ್ಲಾಸೆಲ್ಲ ಜಾಣರೇ. ಖಾಲಿ ಜಾಗ ಕಂಡ್ರೆ ಮೊದ್ಲು ಯಾಕೆ ಖಾಲಿ ಅಂತ ಕೇಳ್ರಪ್ಪ." ನಾನು ಅದನ್ನು ನೋಟ್ಸಿನಲ್ಲಿ ಎರಡು ಗೆರೆ ಎಳೆದು ಬರೆದುಕೊಂಡಿದ್ದೆ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ.

ಮಾರ್ಚ್ 21, ಶುಕ್ರವಾರ

ಕೇಳಿದೆ. ನೇರವಾಗಿ ಕೇಳಿದೆ.

"ಸರ್, ಹತ್ತೊಂಬತ್ತು ಜನಕ್ಕೆ ಊದಕ್ಕೇ ಆಗಿಲ್ಲ. ಅವರನ್ನ ಬೇರೆ ಸಾಲಲ್ಲಿ ತೋರಿಸ್ಬೇಕಲ್ವಾ?"

"83 ಮಂದಿ ಅಂತ ಹಾಕಿದೀನಲ್ಲಮ್ಮ. ಏನನ್ನೂ ಮುಚ್ಚಿಟ್ಟಿಲ್ಲ."

"ಉಪವಾಸ ಅಂತ ಬರ್ದಿದೀರಿ."

"ಹಂಗಂತ ಹೇಳಿದ್ದು ಯಾರು? ನಿನ್ನ ಮೇಲ್ ಇದೆ. ಶೀಟಲ್ಲಿ ಐವತ್ತೇಳೂ ಖಾಲಿ ಬಿಟ್ಟೋಳು ನೀನು. ನಾನು ರಿಜಿಸ್ಟರ್ ನೋಡ್ತಾ ಕೂರಕ್ಕಾಗುತ್ತಾ?"

ಗುಬ್ಬಿಗೆ ಹಬ್ಬ ಕಳೆದ ಮೇಲೆ ಇನ್ನೊಮ್ಮೆ ಹೋಗೋಣ ಅಂದೆ. ಆಗ ಅವರು ಕನ್ನಡಕ ತೆಗೆದು ಒರೆಸಿದರು. ಮತ್ತೆ ಹೋದರೆ, ಫೆಬ್ರವರಿಯಲ್ಲೇ ಆಗಬೇಕಿದ್ದ ಗುಬ್ಬಿ ಮಾರ್ಚಿಗೆ ಯಾಕೆ ಹೋಯಿತು ಎಂದು ಟ್ರಸ್ಟಿನವರು ಕೇಳುತ್ತಾರೆ. ಯಾಕೆ ಹೋಯಿತು ಎಂದು ನನಗೆ ಗೊತ್ತು. ಅವರ ಹೊಸ ಮನೆಯ ಗೃಹಪ್ರವೇಶ. ಎರಡು ವಾರ ಆಫೀಸಿಗೆ ಬೀಗ. ನಾನೇ ಹೋಗಿ ಒಬ್ಬಟ್ಟು ಬಡಿಸಿದ್ದೆ. ಅವರ ಹೆಂಡತಿ ನನಗೆ ಕುಪ್ಪಸದ ಕಣ ಕೊಟ್ಟು, "ಮನೆಮಗಳ ಹಾಗೆ ಓಡಾಡ್ದೆ" ಅಂದಿದ್ದರು.

"ಬಿಟ್ಬಿಡು ಫಿಜಾ. ಎರಡು ಊರಿಗೆ ಬಂತಲ್ಲ ವ್ಯಾನು" ಅಂದರು.

ಮೂರನೆಯ ಊರು ನನ್ನದು.

ಮಾರ್ಚ್ 22

ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರಿಗೆ ಹೇಳುವುದು. ಇವತ್ತು ಇಷ್ಟೇ.

ಮಾರ್ಚ್ 23, ಭಾನುವಾರ

ಹೇಳದೆ ಕೇಳದೆ ಗುಬ್ಬಿಗೆ ಬಸ್ಸು ಹತ್ತಿದೆ. ಹತ್ತೊಂಬತ್ತು ಮಂದಿಯ ಮನೆ ಖಾಲಾಗೆ ಗೊತ್ತಿರುತ್ತದೆ, ಕೇಳೋಣ ಅಂತ. ಮಧ್ಯಾಹ್ನ ಒಂದೂವರೆ. ಬಾಗಿಲು ಮುಂದಕ್ಕೆ ಹಾಕಿತ್ತು, ತಳ್ಳಿದೆ.

ಖಾಲಾ ಗೋಡೆಗೆ ಒರಗಿ ಕೂತು ಗುಳಿಗೆ ನುಂಗಿ ನೀರು ಕುಡಿಯುತ್ತಿದ್ದಳು. ನನ್ನನ್ನು ಕಂಡು ಲೋಟವನ್ನು ಸೆರಗಿನ ಕೆಳಗೆ ಇಟ್ಟುಕೊಂಡಳು. ಅವಳ ಎದೆಯಿಂದ ಸೀಟಿಯ ಹಾಗೆ ಸದ್ದು ಬರುತ್ತಿತ್ತು. ಬಾಗಿಲಲ್ಲಿ ನಿಂತವಳಿಗೂ ಕೇಳಿಸುವಷ್ಟು.

"ಖಾಲಾ, ರೋಜಾ ಇಲ್ವಾ?"

"ಬಾಗ್ಲು ಹಾಕು ಮೊದ್ಲು."

ಈ ಸಲ ಒಂದೂ ಹಿಡಿದಿಲ್ಲವಂತೆ. ಹೋದ ವರ್ಷ ಅರ್ಧ ಹಿಡಿದಿದ್ದಳಂತೆ. ಕಾಯಿಲೆಯವರಿಗೆ ಮಾಫಿ ಇದೆಯಲ್ಲ, ಇದರಲ್ಲಿ ನಾಚಿಕೆ ಏನು ಅಂದೆ.

"ಅಲ್ಲಾ ಮಾಫ್ ಮಾಡ್ತಾನೆ ಬೇಟಾ, ಗಲ್ಲಿ ಮಾಡಲ್ಲ. ಬೆಳಗಿನ ಜಾವ ಸೆಹರಿ ಊಟಕ್ಕೆ ಎಲ್ರ ಬಾಗ್ಲು ಬಡಿದು ಎಬ್ಬಿಸೋಳು ನಾನು. ನಾನೇ ತಿಂತೀನಿ ಅಂತ ಗೊತ್ತಾದ್ರೆ?"

"ಮತ್ತೆ ಕೋಮಲಾ ಮೀಟರ್ ತಂದಾಗ?"

"ಸುತ್ತ ಹತ್ತು ಜನ ಕೂತಿದ್ರು. ಊದಿದ್ರೆ ರೋಜಾ ಇಲ್ಲ ಅಂತ ಗೊತ್ತಾಗೋದು, ಊದಕ್ಕೆ ಕೂತು ಕೆಮ್ಮಿದ್ರೆ ಕಾಯಿಲೆ ಗೊತ್ತಾಗೋದು. ರೋಜಾ ಇರೋರು ಊದೋದು ಬೇಡ ಅಂತ ನೀನೇ ಹೇಳಿ ಕಳಿಸಿದ್ದಂತೆ ಆ ಹುಡುಗಿ ಹತ್ರ. ಒಳ್ಳೇದಾಯ್ತು ಅಂದ್ಕೊಂಡೆ."

ಹೌದು, ನಾನೇ ಹೇಳಿದ್ದೆ.

ಸಿಟ್ಟು ನೆತ್ತಿಗೇರಿತು. ಎರಡು ವರ್ಷದಿಂದ ಉಸಿರು ಕಟ್ಟುತ್ತಿದೆ, ನನಗೆ ಒಂದು ಮಾತಿಲ್ಲ! ವಾರವಾರ ಫೋನಿನಲ್ಲಿ "ಚೆನ್ನಾಗಿದೀನಿ, ನೀನು ಊಟ ಮಾಡ್ದಾ?" ಅಂತ ನಾಟಕ. ಎಲ್ಲ ಬಾಯಿಗೆ ಬಂದ ಹಾಗೆ ಅಂದುಬಿಟ್ಟೆ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ಕೊನೆಗೆ, "ಇದು ಈ ಗೋಡೆ ದಾಟಬಾರ್ದು. ಮಾತು ಕೊಡು" ಎಂದು ಕೈ ಚಾಚಿದಳು. ಕೈಗೆರೆಗಳಲ್ಲೆಲ್ಲ ಇದ್ದಿಲು.

ಮಾತು ಕೊಟ್ಟೆ.

ಬಸ್ಸಿನಲ್ಲಿ ಬರುತ್ತಾ ಲೆಕ್ಕ ಹಾಕಿದೆ. ಖಾಲಾ ಥರ ಇನ್ನೆಷ್ಟು ಮಂದಿ 'ರೋಜಾ' ಇದ್ದಾರೋ?

ಏಪ್ರಿಲ್ 6, ಭಾನುವಾರ

ಈದ್ ಮುಗಿದು ಆರು ದಿನ. ಮೀಟರು ಕೋಮಲಾಳ ಬ್ಯಾಗಿನಲ್ಲೇ ಇತ್ತು. ಬರುತ್ತೀಯಾ ಅಂದೆ, "ಗಂಗಾಧರ್ ಸಾರ್‌ಗೆ ಹೇಳಿದೀಯಾ?" ಅಂದಳು. ಇಲ್ಲ ಅಂದೆ. "ಹಂಗಾದ್ರೆ ಬರ್ತೀನಿ ನಡಿ" ಅಂದಳು. ಇವಳ ಅಕ್ಷರ ನೋಡಿ ಇಷ್ಟು ದಿನ ಮೂಗು ಮುರಿದಿದ್ದೆ. ಆ ಕೋಳಿ ಕೆದರಿದ ಅಕ್ಷರ ಇಲ್ಲದಿದ್ದರೆ ನನಗೆ ಏನೂ ಗೊತ್ತಾಗುತ್ತಿರಲಿಲ್ಲ.

ನಿನ್ನೆ, ಇವತ್ತು, ಎರಡು ದಿನ. ಐವತ್ತೇಳು ಮನೆ. ಈ ಸಲ ಒಬ್ಬೊಬ್ಬರನ್ನೇ ಒಳಗೆ ಕೂರಿಸಿ, ಬಾಗಿಲು ಹಾಕಿ ಊದಿಸಿದೆವು. ನಿಜವಾಗಿಯೂ ರೋಜಾ ಇದ್ದವರು ಇಪ್ಪತ್ತೇಳು. ಅವರು ನಗುನಗುತ್ತಾ ಊದಿ, ಮುಳ್ಳು ನೋಡಿ, ಇನ್ನೊಂದು ಸಲ ಅಂದರು. ಖಾಲಾ ಥರದವರು ಅವಳೂ ಸೇರಿ ಹನ್ನೊಂದು. ಅವರು ನನ್ನ ಕೈ ಹಿಡಿದುಕೊಂಡು ಹೇಳಿದರು, "ನೀನು ನಮ್ಮೋಳು ಅಂತ ಹೇಳ್ತಿದೀವಿ". ಆ ಹನ್ನೊಂದು, ಊದಲಾಗದ ಹತ್ತೊಂಬತ್ತು, ಒಟ್ಟು ಮೂವತ್ತರಲ್ಲಿ ನಾಲ್ವರಿಗೆ ಈಗಲೂ ಮುಳ್ಳು ಅಲ್ಲಾಡಿಸಲು ಆಗಲಿಲ್ಲ. ಖಾಲಾ ಮೂರು ಸಲ ಊದಿದಳು. 140.

ನಾನು 140 ಅಂದಾಗ ಅವಳು, "ಪರವಾಗಿಲ್ವಾ?" ಎಂದು ಕೇಳಿದಳು. ಪರವಾಗಿಲ್ಲ ಅಂದೆ. ಬಚ್ಚಲಿಗೆ ಹೋಗಿ ಮುಖ ತೊಳೆದುಕೊಂಡು ಬಂದೆ.

ಏಪ್ರಿಲ್ 8, ಮಂಗಳವಾರ

ಹೊಸ ಕೋಷ್ಟಕ ಮುಗಿಯಿತು. ಗುಬ್ಬಿ: 140ರಲ್ಲಿ 136, ಸರಾಸರಿ 289. ಊದಲಾಗದ ನಾಲ್ವರು ಬೇರೆ ಸಾಲಿನಲ್ಲಿ. ಹಳೆಯದು, ಹೊಸದು ಪಕ್ಕಪಕ್ಕದಲ್ಲಿ. ಹಳೆಯದರಲ್ಲಿ ಎಲ್ಲಿ ತಪ್ಪಿತು, ಯಾರಿಂದ ತಪ್ಪಿತು ಎಂದು ಪತ್ರ. ನಾನು ಚೌಕಗಳನ್ನು ಖಾಲಿ ಬಿಟ್ಟಿದ್ದನ್ನೂ ಬರೆದೆ. ನಾನೇನು ಅವರ ಹಾಗೆ ಜಾರಿಕೊಳ್ಳುವವಳಲ್ಲ.

ಷರಾ ಕಾಲಮ್ಮಿನಲ್ಲಿ ಐವತ್ತೇಳು ಮಂದಿಯ ಎದುರೂ ನಿಜವಾದ ಕಾರಣ ತುಂಬಿದೆ. 'ಉಪವಾಸ ಇರಲಿಲ್ಲ, ಉಬ್ಬಸ, ನೆರೆಯವರ ಮುಂದೆ ಉಪವಾಸ ಎಂದರು.' ಹೀಗೆ, ಹೆಸರು ವಯಸ್ಸು ಸಮೇತ.

ಕೋಮಲಾ ಹಿಂದಿನಿಂದ ಬಗ್ಗಿ ನೋಡಿ, "ಹೆಸ್ರು ಯಾಕ್ ಹಾಕ್ತೀಯೇ? ನಂಬರ್ ಹಾಕುದ್ರೆ ಸಾಕಲ್ವಾ?" ಅಂದಳು. ಸಾಕಾಗುವುದಿಲ್ಲ. ಹೆಸರಿಲ್ಲದಿದ್ದರೆ ಗಂಗಾಧರ್ ಇದನ್ನು ಕಟ್ಟುಕಥೆ ಅನ್ನುತ್ತಾರೆ. ಅವರಿಗೆ ಬಾಯಿ ತೆರೆಯಲು ಒಂದು ಸಂದು ಕೊಡಬಾರದು. ಅಲ್ಲದೆ ಬೆಂಗಳೂರಿನವರು ಗಲ್ಲಿಯವರಲ್ಲವಲ್ಲ.

ಮಧ್ಯಾಹ್ನ ಮೂರಕ್ಕೆ ಕಳಿಸಿದೆ. ಎರಡು ಸಲ ತಿರುವಿ ನೋಡಿದೆ. ಒಂದು ಚೌಕವೂ ಖಾಲಿ ಇಲ್ಲ. ತುಂಬಾ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ.

ಏಪ್ರಿಲ್ 17, ಗುರುವಾರ

ಟ್ರಸ್ಟಿನವರು ಒಪ್ಪಿದ್ದಾರೆ! ಅವರ ಡಾಕ್ಟರ್ ಅರುಣಾ ಮುಂದಿನ ಗುರುವಾರ ಗುಬ್ಬಿಗೆ ಬಂದು ಒಂದು ಸಲ ಪರಿಶೀಲಿಸುತ್ತಾರೆ, ಆಮೇಲೆ ವ್ಯಾನು.

ಗಂಗಾಧರ್ ತಮ್ಮ ಮೇಜು ಖಾಲಿ ಮಾಡುತ್ತಿದ್ದರು. ಇನ್ನು ಮುಂದೆ ಅವರು ಬರುವುದಿಲ್ಲವಂತೆ. ಬಾಗಿಲ ಹತ್ತಿರ ನಿಂತು ಹೇಳಿದರು: "ನಾನು ತಪ್ಪು ಮಾಡ್ದೆ, ಸರಿ. ಎದುರಿಗೆ ನಿಂತು ಕಳಿಸ್ತೀನಿ ಅಂದಿದ್ರೆ ತಡೀತಿರ್ಲಿಲ್ಲ ಕಣಮ್ಮ. ನನ್ನ ಹಿಂದೆ ಕಳಿಸಿದೆ."

ಏನು ಮಾತು! ಹಿಂದೆ ಮುಂದೆ ಎಂದು ಪಾಠ ಹೇಳಲು ಇವರಿಗೆ ಬಾಯಾದರೂ ಹೇಗೆ ಬರುತ್ತದೆ.

ಏಪ್ರಿಲ್ 24, ಗುರುವಾರ

ಹೇಗೆ ಬರೆಯಲಿ.

ಡಾಕ್ಟರ್ ಅರುಣಾ ಒಳ್ಳೆಯವರು. ಗಲ್ಲಿಯ ನಡುವೆ ಕುರ್ಚಿ ಹಾಕಿಸಿಕೊಂಡರು, ಯಾರೋ ತಂದ ಟೀ ಕುಡಿದರು. ಹೆಂಗಸರೆಲ್ಲ ಸುತ್ತ ನೆರೆದರು, ಮಕ್ಕಳು, ಮುದುಕರು. ನನ್ನ ಪಟ್ಟಿ ಅವರ ಕೈಯಲ್ಲಿತ್ತು. ಒಬ್ಬೊಬ್ಬರ ಹೆಸರು ಕೂಗಿ, ಬರೆದದ್ದು ಓದಿ, ಸರೀನಾ ಎಂದು ಕೇಳಿ ಗುರುತು ಹಾಕುತ್ತಿದ್ದರು. ನಾನು ಕೋಮಲಾ ಜೊತೆ ಆಚೆ ತುದಿಯಲ್ಲಿ ಮೀಟರು ಒರೆಸುತ್ತಿದ್ದೆ. ಕಿವಿಗೆ ಬಿತ್ತು:

"ಕುಲ್ಸುಂ ಬೀ ಯಾರು? ನೀವಾ ಅಮ್ಮ? ಉಪವಾಸ ಇರ್ಲಿಲ್ಲ, ಉಬ್ಬಸ, ಅಕ್ಕಪಕ್ಕದವರ ಮುಂದೆ ಉಪವಾಸ ಅಂತ ಹೇಳಿದ್ರಿ. ಸರೀನಾ?"

ನಾನು ಓಡಿದೆ. ತಡವಾಗಿತ್ತು. ಯಾರೋ ಹಿಂದಿನಿಂದ, "ಅರೆ ಆಪಾ, ನಮ್ಮನ್ನೆಲ್ಲ ಎಬ್ಬಿಸ್ತಿದ್ದೋಳು ನೀನೇ ಅಲ್ವಾ?" ಎಂದು ನಕ್ಕರು. ಕೆಟ್ಟ ನಗುವೇನಲ್ಲ. ಆದರೆ ಆ ನಗು ಗಲ್ಲಿಯ ಆ ತುದಿಯವರೆಗೆ ಹೋಯಿತು.

ಖಾಲಾ ಡಾಕ್ಟರನ್ನು ನೋಡಲಿಲ್ಲ, ನಕ್ಕವಳನ್ನೂ ನೋಡಲಿಲ್ಲ. ನನ್ನನ್ನು ನೋಡಿದಳು. "ಬರ್ದಿರೋದು ಸರಿಯಾಗೇ ಇದೆ" ಎಂದು ಹೇಳಿ ಎದ್ದು ಒಳಗೆ ಹೋದಳು. ಅವಳ ಥರದ ಉಳಿದ ಹತ್ತು ಮಂದಿಯಲ್ಲಿ ಆರು ಜನ ತಮ್ಮ ಹೆಸರು ಬರುವ ಮೊದಲೇ ಎದ್ದು ಹೋದರು.

ಡಾಕ್ಟರು ಅಷ್ಟು ಗಟ್ಟಿಯಾಗಿ ಓದಬಾರದಿತ್ತು. ಓದಿದವರಿಗೆ ಇಷ್ಟು ಗೊತ್ತಾಗುವುದಿಲ್ಲವೇ?

ಏಪ್ರಿಲ್ 25

ಏಳು ಸಲ ಫೋನ್ ಮಾಡಿದೆ. ಎತ್ತಲಿಲ್ಲ. ಯಾರೋ ಮಾಡಿದ ತಪ್ಪಿಗೆ ನನ್ನ ಮೇಲೆ ಮುನಿಸು.

ಮೇ 5, ಸೋಮವಾರ

ವ್ಯಾನು ಮಂಜೂರಾಯಿತು. ಟ್ಯಾಬಿನಲ್ಲಿ ರೋಗಿಗಳ ಫಾರಂ ಮಾಡುವ ಕೆಲಸ ನನಗೇ ಕೊಟ್ಟಿದ್ದಾರೆ. ಈ ಸಲ ಗಟ್ಟಿಯಾಗಿ ಮಾಡಿದ್ದೇನೆ. ಯಾವ ಚೌಕ ಖಾಲಿ ಬಿಟ್ಟರೂ ಕಾರಣ ಬರೆಯದೆ ಮುಂದಕ್ಕೆ ಹೋಗುವುದಿಲ್ಲ.

ನಿನ್ನೆ ಗುಬ್ಬಿಗೆ ಹೋಗಿದ್ದೆ. ಖಾಲಾ ಈಗ ಜಗಲಿಯಲ್ಲಿ ಕೂತು ಹೊಸೆಯುವುದಿಲ್ಲವಂತೆ. ಮಣೆ, ಇದ್ದಿಲು ಎಲ್ಲ ಒಳಗೆ, ಬಾಗಿಲು ಹಾಕಿಕೊಂಡು. ಹೊರಗಿನ ಗಾಳಿಯೂ ಇಲ್ಲ. ಬಡಿದೆ. ಒಳಗೆ ಕೆಮ್ಮು ಕೇಳಿಸಿತು, ಆಮೇಲೆ ಅದೂ ನಿಂತಿತು. ಬಾಯಿಗೆ ಸೆರಗು ಒತ್ತಿಕೊಂಡಿರಬೇಕು. ಅರ್ಧ ಗಂಟೆ ಮೆಟ್ಟಿಲ ಮೇಲೆ ಕೂತು, ತಂದಿದ್ದ ಬಾಳೆಹಣ್ಣನ್ನು ಬಾಗಿಲ ಹತ್ತಿರ ಇಟ್ಟು ಬಂದೆ.

ನಾನು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಿಲ್ಲ. ಇದನ್ನು ಕೋಮಲಾಗೆ ಹೇಳಿದೆ. "ಸುಳ್ಳು ಅಂತ ಯಾರಂದ್ರು?" ಅಂದಳು, ಅಷ್ಟೇ.

ಮೇ 15, ಗುರುವಾರ

ಗುಬ್ಬಿಗೆ ಮೊದಲ ವ್ಯಾನು. ಬೆಳಿಗ್ಗೆ ಒಂಬತ್ತಕ್ಕೇ ಸಾಲು. ನಾನು ಟ್ಯಾಬು ಹಿಡಿದು ವ್ಯಾನಿನ ಬಾಗಿಲಲ್ಲಿ ಕೂತಿದ್ದೆ. ಖಾಲಾ ಬರುವುದಿಲ್ಲ ಅಂದುಕೊಂಡಿದ್ದೆ. ಹನ್ನೊಂದರ ಹೊತ್ತಿಗೆ ತಲೆಯೆತ್ತಿದರೆ ಎದುರಿಗೆ ಅವಳೇ. ಮೂರು ವಾರದಲ್ಲಿ ಅರ್ಧ ಆಗಿದ್ದಾಳೆ. ಎರಡು ಮೆಟ್ಟಿಲು ಹತ್ತಿದ್ದಕ್ಕೆ ಎದೆ ಎದ್ದು ಎದ್ದು ಬೀಳುತ್ತಿತ್ತು. ಖಾಲಾ ಎಂದು ಕರೆದೆ.

"ಬರ್ಕೊಳಿ ಮೇಡಂ. ಹೆಸ್ರು ಕುಲ್ಸುಂ ಬೀ. ವಯಸ್ಸು ಐವತ್ತೆಂಟು."

ಮನೆಯಲ್ಲಿ ನಾವು ಉರ್ದು ಆಡುತ್ತೇವೆ. ಖಾಲಾ ನನಗೆ ಹೇಳಿದ್ದನ್ನೆಲ್ಲ ಇಷ್ಟು ದಿನ ನಾನು ಕನ್ನಡಕ್ಕೆ ತಿರುಗಿಸಿ ಇಲ್ಲಿ ಬರೆದಿದ್ದೆ. ಇವತ್ತಿನ ಮಾತನ್ನು ತಿರುಗಿಸಬೇಕಾಗಿಲ್ಲ. ಅಂಗಡಿಯವರ ಹತ್ತಿರ, ಬಸ್ ಕಂಡಕ್ಟರ್ ಹತ್ತಿರ ಆಡುವ ಕನ್ನಡದಲ್ಲಿ ಅವಳು ನನ್ನ ಹತ್ತಿರ ಮಾತಾಡಿದಳು.

ನಾನು ಉರ್ದುವಿನಲ್ಲೇ, ಮಾಫ್ ಮಾಡು ಖಾಲಾ, ತಪ್ಪು ನನ್ನದೇ ಅಂದೆ. ಡಾಕ್ಟರದು ಅಂತ ಯಾಕೋ ಬಾಯಿಗೆ ಬರಲಿಲ್ಲ. ಅವಳು ಟ್ಯಾಬನ್ನೇ ನೋಡುತ್ತಿದ್ದಳು.

"ಮುಂದೆ ಏನ್ ಕೇಳ್ಬೇಕು ಕೇಳಿ ಮೇಡಂ. ಹಿಂದೆ ಜನ ಅವ್ರೆ."

ಕೇಳಿದೆ. ಎಷ್ಟು ವರ್ಷದಿಂದ ಹೊಸೆಯುತ್ತೀರಿ. ಮೂವತ್ತೊಂದು. ಮಲಗಿದರೆ ಉಸಿರು ಕಟ್ಟುತ್ತದೆಯೇ. ಹೌದು. ಊದಿಸಿದೆ, 120. ಕೊನೆಯ ಚೌಕ ಬಂತು: ತುರ್ತು ಸಮಯದಲ್ಲಿ ಯಾರಿಗೆ ಫೋನ್ ಮಾಡಬೇಕು, ಸಂಬಂಧ ಏನು. ಅದನ್ನು ಕೇಳದೆ ನನ್ನ ನಂಬರನ್ನೇ ಒತ್ತಲು ಶುರು ಮಾಡಿದೆ. ಅವಳು ಬೆರಳು ಚಾಚಿ ತಡೆದಳು.

"ಅದು ಖಾಲಿ ಬಿಡಿ ಮೇಡಂ."

ಕಾರಣ ಬರೆಯದೆ ಟ್ಯಾಬು ಮುಂದಕ್ಕೆ ಹೋಗುವುದಿಲ್ಲ. ಹಿಂದೆ ಇಪ್ಪತ್ತು ಹೆಂಗಸರು ನಿಂತಿದ್ದರು, ಎಲ್ಲರೂ ಕೇಳಿಸಿಕೊಳ್ಳುತ್ತಿದ್ದರು. ಅವಳೂ ಕಾಯುತ್ತಿದ್ದಳು, ನಾನು ಏನು ಬರೆಯುತ್ತೇನೆಂದು. ಬರೆದೆ: 'ಸಾಕಿದ ಮಗಳು ಇದ್ದಾಳೆ. ಹೆಸರು ಹೇಳಲು ಇಷ್ಟವಿಲ್ಲ.'

"ಏನ್ ಬರ್ಕೊಂಡ್ರಿ, ಓದಿ" ಅಂದಳು.

ಓದಲಿಲ್ಲ. ಟ್ಯಾಬನ್ನು ಅವಳ ಕಡೆ ತಿರುಗಿಸಿದೆ. ಖಾಲಾಗೆ ಕನ್ನಡ ಓದಲು ಬರುವುದಿಲ್ಲ. ಸ್ವಲ್ಪ ಹೊತ್ತು ಅಕ್ಷರಗಳನ್ನು ನೋಡಿದಳು, "ಸರಿ ಇರ್ಬೇಕು ಬಿಡಿ" ಎಂದು ಡಾಕ್ಟರ ಹತ್ತಿರ ಹೋದಳು.